ಕಂತು ತಪ್ಪಿದ ಮೇಲೆ ಬಂದ ಚಾರ್ಜು: ಕಟ್ಟೋದಾ, ಕೇಳೋದಾ?

ನಿಟುವಳ್ಳಿಯಿಂದ ಪ್ರಶ್ನೆ: ಶೋರೂಮ್ ಕೆಲಸ ಹೋದ ಮೇಲೆ ಪರ್ಸನಲ್ ಲೋನಿನ ಎರಡು ಕಂತು ತಪ್ಪಿತು. ಈಗ ಕಟ್ಟಲು ಹೋದರೆ ಬೌನ್ಸ್ ಚಾರ್ಜು, ಲೇಟ್ ಫೀ ಅಂತ ನಾಲ್ಕು ಸಾವಿರ ಜಾಸ್ತಿ ಕೇಳುತ್ತಿದ್ದಾರೆ. ನನ್ನ ಸೇವಿಂಗ್ಸ್ ಖಾತೆಯಲ್ಲೂ ದುಡ್ಡು ಕಟ್ ಆಗಿದೆ. ಸುಮ್ನೆ ಕಟ್ಟಿಬಿಡಲಾ? ಗೊತ್ತಿದ್ದವರು ಹೇಳಿ.

ಪಿ.ಜೆ. ಬಡಾವಣೆಯಿಂದ: ಒಟ್ಟು ಮೊತ್ತ ನೋಡಿ ಗಾಬರಿ ಆಗಬೇಡಿ, ಬಿಡಿಸಿ ನೋಡಿ. ಆ್ಯಪ್‌ನಲ್ಲಿ ತೋರಿಸುವ ಒಂದು ಸಾಲಿನ ಬಾಕಿ ಸಾಲದು. ಸಾಲದ ಪೂರ್ತಿ ಸ್ಟೇಟ್‌ಮೆಂಟ್ ತರಿಸಿ, ಪಕ್ಕದಲ್ಲಿ ಪಾಸ್‌ಬುಕ್ ಇಟ್ಟುಕೊಳ್ಳಿ. ನನ್ನ ವಿಷಯದಲ್ಲಿ ಐದನೇ ತಾರೀಕು ಖಾತೆಯಲ್ಲಿ ದುಡ್ಡಿಲ್ಲದೆ ಬೌನ್ಸ್ ಆದ ಕಂತನ್ನೇ ಸಾಲ ಕೊಟ್ಟವರು ಅದೇ ತಿಂಗಳು ಮತ್ತೆ ಮತ್ತೆ ನನ್ನ ಬ್ಯಾಂಕಿಗೆ ಕಳಿಸಿದ್ದರು. ಪ್ರತಿ ಸಲವೂ ನನ್ನ ಬ್ಯಾಂಕಿನವರು ರಿಟರ್ನ್ ಚಾರ್ಜು, ಅದರ ಮೇಲೆ 18% ಜಿಎಸ್‌ಟಿ ಹಿಡಿದರು. ನಿಮ್ಮ ಖಾತೆಯಲ್ಲಿ ಕಟ್ ಆಗಿದ್ದು ಅದೇ ಇರಬೇಕು. ಸಾಲ ಕೊಟ್ಟವರ ಬೌನ್ಸ್ ಚಾರ್ಜು ಬೇರೆ.

ಇನ್ನು ಲೇಟ್ ಫೀ. 2023ರ ಆಗಸ್ಟ್‌ನಲ್ಲಿ ಆರ್‌ಬಿಐ ಒಂದು ನಿಯಮ ತಂದಿತು. ಹೊಸ ಸಾಲಗಳಿಗೆ 2024ರ ಏಪ್ರಿಲ್ 1ರಿಂದ ಜಾರಿ, ಹಳೆಯವನ್ನೂ ಅದೇ ವರ್ಷದ ಜೂನ್ ಒಳಗೆ ಬದಲಿಸಬೇಕಿತ್ತು. ದಂಡ ಹಾಕಬಹುದು, ಆದರೆ ಬಡ್ಡಿ ದರ ಏರಿಸಿ ದಂಡ ವಸೂಲಿ ಮಾಡುವಂತಿಲ್ಲ. ದಂಡದ ಮೇಲೆ ಬಡ್ಡಿಯೂ ಇಲ್ಲ. ಆ ದಂಡಕ್ಕೆ ಜಿಎಸ್‌ಟಿ ಇಲ್ಲ ಅಂತ 2025ರ ಜನವರಿಯಲ್ಲಿ ಸುತ್ತೋಲೆಯೂ ಬಂದಿದೆ. ಸ್ಟೇಟ್‌ಮೆಂಟ್‌ನಲ್ಲಿ ‘ಪೀನಲ್ ಇಂಟರೆಸ್ಟ್’ (ದಂಡದ ಬಡ್ಡಿ) ಅಂತ ಸಾಲು ಕಂಡರೆ ಅದಕ್ಕೆ ಗೆರೆ ಎಳೆದು ಕೇಳಿ. ತಡವಾದ ದಿನಗಳ ಮಾಮೂಲಿ ಬಡ್ಡಿ ಮಾತ್ರ ಕೊಡಲೇಬೇಕು, ಅದಕ್ಕೆ ಜಗಳ ಬೇಡ.

ವಿದ್ಯಾನಗರದಿಂದ: ಮೇಲಿನವರು ಹೇಳಿದ್ದು ಸರಿ. ಸಾಲ 2024ರ ಅಕ್ಟೋಬರ್ ನಂತರದ್ದಾ? ಹಾಗಿದ್ದರೆ ಕೆಎಫ್‌ಎಸ್ ಅಂತ, ಸಾಲದ ಬಡ್ಡಿ, ಚಾರ್ಜು ಎಲ್ಲ ಬರೆದ ಒಂದು ಹಾಳೆ ಕೊಟ್ಟಿರಬೇಕು. ಅದರಲ್ಲಿ ಇಲ್ಲದ ಚಾರ್ಜನ್ನು ನಿಮ್ಮ ಸ್ಪಷ್ಟ ಒಪ್ಪಿಗೆ ಇಲ್ಲದೆ ಹಾಕುವ ಹಾಗಿಲ್ಲ. ಶಾಖೆಯಲ್ಲಿ ಕೇಳಿದರೆ ‘ಸಿಸ್ಟಮ್ ಹಾಕಿದ್ದು, ನಮ್ಮ ಕೈಯಲ್ಲಿಲ್ಲ’ ಅನ್ನುತ್ತಾರೆ. ಬಾಯಿಮಾತು ಬಿಡಿ, ಇಮೇಲ್ ಮಾಡಿ. ಕೆಲಸ ಹೋಗಿದ್ದನ್ನೂ ಬರೆದು, ಒಂದು ಸಲಕ್ಕೆ ಚಾರ್ಜು ಮನ್ನಾ ಮಾಡಿ ಅಂತ ಕೇಳಿ. ನನಗೆ ಅರ್ಧ ಬಿಟ್ಟರು.

ಹರಿಹರದಿಂದ: ಚಾರ್ಜಿನ ಜಗಳಕ್ಕೆ ಕಂತು ನಿಲ್ಲಿಸಬೇಡಿ ಅಣ್ಣ. ಬಾಕಿ 90 ದಿನ ದಾಟಿದರೆ ಎನ್‌ಪಿಎ, ಅಂದರೆ ಕೆಟ್ಟ ಸಾಲ ಅಂತ ಸೇರಿಸುತ್ತಾರೆ. ಕಟ್ಟುವಾಗ ‘ಇದು ಕಂತಿಗೆ’ ಅಂತ ಬರೆದು ತಿಳಿಸಿ. ಮನೆಗೆ ಬಂದ ಹುಡುಗರ ಕೈಗೆ ನಗದು ಕೊಡಬೇಡಿ. ವಸೂಲಿಯವರು ಬೆಳಿಗ್ಗೆ 8ಕ್ಕೆ ಮುಂಚೆ, ಸಂಜೆ 7ರ ನಂತರ ಫೋನ್ ಮಾಡುವಂತಿಲ್ಲ, ಮಾಡಿದರೆ ಸಮಯ ಬರೆದಿಡಿ. ‘ಸೆಟ್ಲ್‌ಮೆಂಟ್ ಮಾಡಿಕೊಳ್ಳಿ’, ಅಂದರೆ ಕಮ್ಮಿ ಕಟ್ಟಿ ಸಾಲ ಮುಗಿಸಿ ಅಂತ ಆಸೆ ತೋರಿಸುತ್ತಾರೆ, ಎರಡು ಕಂತಿಗೆ ಅದು ಬೇಡವೇ ಬೇಡ. ಸಾಲದ ಚರಿತ್ರೆ ಇಡುವ ಸಿಬಿಲ್‌ನಲ್ಲಿ ‘ಸೆಟಲ್ಡ್’ ಅಂತ ಬಿದ್ದರೆ ಮುಂದಿನ ಸಾಲಕ್ಕೆ ಅಡ್ಡಿ.

ಮತ್ತೆ ಪಿ.ಜೆ. ಬಡಾವಣೆಯಿಂದ: ಇಮೇಲ್‌ಗೆ 30 ದಿನದಲ್ಲಿ ಉತ್ತರ ಬರದಿದ್ದರೆ, ಇಲ್ಲವೇ ಬಂದ ಉತ್ತರ ಸರಿ ಅನ್ನಿಸದಿದ್ದರೆ ಗ್ರಾಹಕರ ದೂರು ವಿಚಾರಿಸುವ ಆರ್‌ಬಿಐ ಒಂಬುಡ್ಸ್‌ಮನ್‌ಗೆ ಹೋಗಿ. ಆರ್‌ಬಿಐನ ಸಿಎಂಎಸ್ ಅನ್ನುವ ಆನ್‌ಲೈನ್ ಪೋರ್ಟಲ್‌ನಲ್ಲೇ ದೂರು ಹಾಕಬಹುದು. ಫೀಸಿಲ್ಲ, ವಕೀಲರೂ ಬೇಕಿಲ್ಲ. ವಿಚಾರಿಸಲು 14448ಕ್ಕೆ ಫೋನ್ ಮಾಡಿ. ಮತ್ತೆ, ಹೊಸ ಕೆಲಸದಲ್ಲಿ ಸಂಬಳ ಹತ್ತನೇ ತಾರೀಕಿನ ಮೇಲೆ ಬರುವುದಾದರೆ ಕಂತಿನ ತಾರೀಕು ಮುಂದೆ ಹಾಕಿ ಅಂತ ಈಗಲೇ ಕೇಳಿ. ಕೆಲವರು ಮಾಡಿಕೊಡುತ್ತಾರೆ.