ಕೂಲೆಂಟ್ ಇಳೀತಿದೆ, ಬೆಳಿಗ್ಗೆ ಬಿಳಿ ಹೊಗೆ: ಹೆಡ್ ಗ್ಯಾಸ್ಕೆಟ್ ಹೋಗಿದೆಯಾ?

ನಾಲ್ಕು_ಸಿಲಿಂಡರ್:
ಎಲ್ಲರಿಗೂ ನಮಸ್ಕಾರ. ನಂದು ಹನ್ನೊಂದು ವರ್ಷದ ಪೆಟ್ರೋಲ್ ಕಾರು. 1.4 ಲೀಟರ್, ಅಲ್ಯೂಮಿನಿಯಂ ಹೆಡ್, ಓಡಿರೋದು 1,18,000 ಕಿ.ಮೀ. ಮೂರು ವಾರದ ಹಿಂದೆ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡಾಗ ಟೆಂಪರೇಚರ್ ಮುಳ್ಳು ಕೆಂಪಿಗೆ ಹೋಯ್ತು. ಪಕ್ಕಕ್ಕೆ ಹಾಕೋಕೆ ಜಾಗ ಸಿಗದೆ ಐದಾರು ನಿಮಿಷ ಹಾಗೇ ಓಡಿಸಿದೆ. ಅವತ್ತಿಂದ ಕೂಲೆಂಟ್ ನಾಲ್ಕೈದು ದಿನಕ್ಕೆ ಮ್ಯಾಕ್ಸ್ ಗುರುತಿಂದ ಮಿನ್‌ಗೆ ಇಳೀತಿದೆ. ನೆಲದ ಮೇಲೆ ಒಂದು ಹನಿಯೂ ಇಲ್ಲ. ಬೆಳಿಗ್ಗೆ ಸ್ಟಾರ್ಟ್ ಮಾಡಿದ್ರೆ ಅರ್ಧ ನಿಮಿಷ ಮಿಸ್ಸಿಂಗ್, ಸೈಲೆನ್ಸರ್‌ನಿಂದ ಬಿಳಿ ಹೊಗೆ. ನಿನ್ನೆ ಆಯಿಲ್ ಕ್ಯಾಪ್ ಬಿಚ್ಚಿದ್ರೆ ಒಳಗಡೆ ಕೆನೆ ಥರ ಬಿಳಿ ಜಿಡ್ಡು ಅಂಟಿತ್ತು. ಅದನ್ನ ನೋಡಿ ಎದೆ ಧಸಕ್ ಅಂತು. ಎಂಜಿನ್ ಬ್ಲಾಕಿಗೂ ಅದರ ಮೇಲೆ ಕೂರೋ ಹೆಡ್ಡಿಗೂ ನಡುವಿನ ಸೀಲು, ಅಂದ್ರೆ ಹೆಡ್ ಗ್ಯಾಸ್ಕೆಟ್, ಅದೇ ಹೋಗಿದೆ ಅಂತ ನನ್ನ ಅನುಮಾನ. ಬ್ರೇಕ್, ಕ್ಲಚ್, ಟೈಮಿಂಗ್ ಬೆಲ್ಟ್ ಎಲ್ಲಾ ಮನೇಲೇ ಮಾಡಿದ್ದೀನಿ, ಹೆಡ್ ಮಾತ್ರ ಇಳಿಸಿಲ್ಲ. ಶುರು ಮಾಡ್ಲಾ?

ಹಳೇ_ಸ್ಪ್ಯಾನರ್:
ಇನ್ನೂ ಸ್ಪ್ಯಾನರ್ ಮುಟ್ಟಬೇಡಿ. ನಿಮ್ಮನ್ನ ಹೆದರಿಸಿದ ಆ ಕೆನೆಯೇ ಇಲ್ಲಿರೋ ಸಾಕ್ಷಿಗಳಲ್ಲಿ ಎಲ್ಲಕ್ಕಿಂತ ದುರ್ಬಲ. ಎರಡು ಮೂರು ಕಿ.ಮೀ. ಓಡಿಸಿ ಆಫ್ ಮಾಡೋ ಗಾಡಿಗಳಲ್ಲಿ ಎಂಜಿನ್ ಸರಿಯಾಗಿ ಬಿಸಿ ಆಗೋದೇ ಇಲ್ಲ. ಒಳಗಿನ ತೇವ ಕ್ಯಾಪಿನ ತಣ್ಣನೆ ಭಾಗಕ್ಕೆ ಕೂತು ಆಯಿಲ್ ಜೊತೆ ಸೇರಿ ಹಾಗೆ ಕಾಣುತ್ತೆ. ಡಿಪ್ ಸ್ಟಿಕ್ ತೆಗೆದು ನೋಡಿ. ಅದರ ಮೇಲಿನ ಆಯಿಲ್ ಕೂಡ ಹಾಲು ಬೆರೆತ ಕಾಫಿ ಬಣ್ಣಕ್ಕೆ ತಿರುಗಿದ್ರೆ, ಇಲ್ಲಾ ಲೆವೆಲ್ ತಾನಾಗಿ ಮೇಲೇರಿದ್ರೆ ಆಗ ಚಿಂತೆ ಮಾಡೋಣ.

ನಾನು ಹೆಚ್ಚು ಬೆಲೆ ಕೊಡೋದು ಆ ಮಿಸ್ಸಿಂಗ್‌ಗೆ. ರಾತ್ರಿ ಗಾಡಿ ನಿಂತಾಗ ಕೂಲಿಂಗ್ ಸಿಸ್ಟಮ್‌ನಲ್ಲಿ ಉಳಿದ ಪ್ರೆಷರ್ ಕೂಲೆಂಟನ್ನ ಸಿಲಿಂಡರ್ ಒಳಗೆ ತಳ್ಳಿದ್ರೆ, ಬೆಳಿಗ್ಗೆ ಆ ಒಂದು ಸಿಲಿಂಡರ್ ಒದ್ದೆ ಆಗಿರುತ್ತೆ. ಒಣಗೋವರೆಗೂ ಫೈರ್ ಆಗಲ್ಲ. ನೀವು ಬರೆದಿರೋದಕ್ಕೆ ಇದು ಸರಿ ಹೊಂದುತ್ತೆ.

ಇಷ್ಟು ಹೇಳಿ: ಹೊಗೆ ಎಂಜಿನ್ ಬಿಸಿಯಾದ ಮೇಲೂ ಇರುತ್ತಾ, ಸಿಹಿ ವಾಸನೆ ಇದೆಯಾ? ತಣ್ಣಗಿರೋ ಎಂಜಿನ್ ಸ್ಟಾರ್ಟ್ ಮಾಡಿದ ಒಂದೆರಡು ನಿಮಿಷದಲ್ಲೇ ರೇಡಿಯೇಟರಿನ ಮೇಲಿನ ಹೋಸ್ ಕಲ್ಲಿನ ಹಾಗೆ ಗಟ್ಟಿ ಆಗುತ್ತಾ? ಡ್ಯಾಶ್‌ಬೋರ್ಡ್ ಕೆಳಗಿನ ಕಾರ್ಪೆಟ್ ಒದ್ದೆ ಇದೆಯಾ? ಅಲ್ಲಿರೋ ಹೀಟರ್ ಕೋರ್ (ಕ್ಯಾಬಿನ್ ಬಿಸಿ ಮಾಡೋ ಸಣ್ಣ ರೇಡಿಯೇಟರ್) ಸೋರಿದ್ರೂ ನೆಲದ ಮೇಲೆ ಹನಿ ಬೀಳಲ್ಲ.

ಅಲ್ಲಿವರೆಗೂ ಗಾಡಿ ಓಡಿಸಬೇಡಿ. ನೀರು ಅಮುಕಿದ್ರೆ ಕುಗ್ಗಲ್ಲ. ಸಿಲಿಂಡರ್ ತುಂಬ ಕೂಲೆಂಟ್ ಇದ್ದಾಗ ಸೆಲ್ಫ್ ಹೊಡೆದ್ರೆ ಕನೆಕ್ಟಿಂಗ್ ರಾಡ್ ಬಾಗಬಹುದು.

ನಾಲ್ಕು_ಸಿಲಿಂಡರ್:
ಡಿಪ್ ಸ್ಟಿಕ್ ಮೇಲೆ ಆಯಿಲ್ ಸ್ವಚ್ಛ, ಲೆವೆಲ್ಲೂ ಸರಿ ಇದೆ. ಗಾಡಿ ಓಡೋದು ದಿನಕ್ಕೆ ಮೂರು ಕಿ.ಮೀ. ಮಾತ್ರ, ನೀವು ಹೇಳಿದ ಹಾಗೇ. ಕಾರ್ಪೆಟ್ ಒಣಗಿದೆ. ಹೊಗೆ ಐದು ನಿಮಿಷ ಆದ್ರೂ ಕರಗಲ್ಲ, ಸಿಹಿ ವಾಸನೆ ಇದೆ. ಹೋಸ್ ಇವತ್ತು ಬೆಳಿಗ್ಗೆ ಹಿಡಿದು ನೋಡಿದೆ: ಇನ್ನೂ ಬೆಚ್ಚಗೂ ಆಗಿರಲಿಲ್ಲ, ಆಗಲೇ ಗಟ್ಟಿ.

ಹಳೇ_ಸ್ಪ್ಯಾನರ್:
ತಣ್ಣಗಿದ್ದಾಗಲೇ ಗಟ್ಟಿ ಅಂದ್ರೆ ಆ ಪ್ರೆಷರ್ ಶಾಖದಿಂದ ಬಂದಿದ್ದಲ್ಲ, ಬೇರೆ ಎಲ್ಲಿಂದಲೋ ಬರ್ತಿದೆ. ಈಗ ಅಳತೆ ಮಾಡೋಣ. ಒಂದೇ ಟೆಸ್ಟ್ ನಂಬಿ ಹೆಡ್ ಇಳಿಸಬೇಡಿ, ಬೇರೆ ಬೇರೆ ದಾರಿಯ ಮೂರು ಟೆಸ್ಟ್ ಒಂದೇ ಮಾತು ಹೇಳಲಿ.

ಮೊದಲು ಬ್ಲಾಕ್ ಟೆಸ್ಟ್. ರೇಡಿಯೇಟರ್ ಬಾಯಿಗೆ ಕೂರಿಸೋ ಪಾರದರ್ಶಕ ಕೊಳವೆ, ಅದರಲ್ಲಿ ನೀಲಿ ದ್ರಾವಣ. ಎಂಜಿನ್ ಆನ್ ಇದ್ದಾಗ ಅದರ ರಬ್ಬರ್ ಬಲ್ಬ್ ಅಮುಕಿ ಕೂಲೆಂಟ್ ಮೇಲಿನ ಗಾಳಿಯನ್ನ ದ್ರಾವಣದೊಳಗೆ ಹಾಯಿಸಬೇಕು. ಅದರಲ್ಲಿ ದಹನದಿಂದ ಬಂದ ಕಾರ್ಬನ್ ಡೈಆಕ್ಸೈಡ್ ಇದ್ರೆ ನೀಲಿ ಹಳದಿಗೆ ತಿರುಗುತ್ತೆ. ಕ್ಯಾಪ್ ತೆಗೆಯೋದು ಎಂಜಿನ್ ಪೂರ್ತಿ ತಣ್ಣಗಿದ್ದಾಗ ಮಾತ್ರ. ಪ್ರೆಷರ್ ಇದ್ದಾಗ ಕೂಲೆಂಟ್ 100 ಡಿಗ್ರಿ ದಾಟಿದ್ರೂ ಕುದಿಯದೆ ಸುಮ್ಮನಿರುತ್ತೆ, ಕ್ಯಾಪ್ ಬಿಚ್ಚಿದ ಕ್ಷಣ ಕುದ್ದು ಮುಖಕ್ಕೆ ಹಾರುತ್ತೆ.

ಎರಡನೇದು, ಕೂಲಿಂಗ್ ಸಿಸ್ಟಮ್ ಪ್ರೆಷರ್ ಟೆಸ್ಟರ್. ಕ್ಯಾಪಿನ ಮೇಲೆ ಬರೆದಿರೋಷ್ಟೇ ಪ್ರೆಷರ್ ಪಂಪ್ ಮಾಡಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಸೆಲ್ಫ್ ಹೊಡೆಯೋಕೆ ಮುಂಚೆ ನಾಲ್ಕೂ ಪ್ಲಗ್ ಬಿಚ್ಚಿ ಟಾರ್ಚ್ ಬಿಟ್ಟು ನೋಡಿ. ಒದ್ದೆ ಸಿಲಿಂಡರ್ ಯಾವುದು ಅಂತ ಕಣ್ಣಿಗೇ ಕಾಣುತ್ತೆ. ಆವಿಯಲ್ಲಿ ತೊಳೆದ ಹಾಗೆ ಒಂದೇ ಪ್ಲಗ್ ಶುಭ್ರವಾಗಿದ್ರೆ ಅದೂ ಸುಳಿವು.

ಆಮೇಲೆ ಕಂಪ್ರೆಷನ್ (ಸಿಲಿಂಡರ್ ಒಳಗಿನ ಒತ್ತಡ ಅಳೆಯೋದು), ಲೀಕ್ ಡೌನ್ (ಸಿಲಿಂಡರಿಗೆ ಗಾಳಿ ಕೊಟ್ಟು ಎಲ್ಲಿ ಸೋರುತ್ತೆ ಅಂತ ನೋಡೋದು). ಸಣ್ಣ ಸೀಳು ಇದ್ದಾಗ ಕಂಪ್ರೆಷನ್ ಗೇಜ್ ಹೆಚ್ಚು ಕಡಿಮೆ ಸರಿಯಾಗೇ ತೋರಿಸಬಹುದು, ಅದನ್ನ ನೋಡಿ ಸಮಾಧಾನ ಪಡಬೇಡಿ. ಲೀಕ್ ಡೌನ್ ಹೆಚ್ಚು ಪ್ರಾಮಾಣಿಕ. ಆ ಸಿಲಿಂಡರಿನ ಪಿಸ್ಟನ್‌ನ ಕಂಪ್ರೆಷನ್ ಸ್ಟ್ರೋಕಿನ ತುದಿಗೆ ತಂದು ಪ್ಲಗ್ ತೂತಿನಿಂದ ಗಾಳಿ ಕೊಡಿ, ರೇಡಿಯೇಟರ್ ಬಾಯಲ್ಲಿ ಗುಳ್ಳೆ ಬರುತ್ತಾ ನೋಡಿ. ಪಿಸ್ಟನ್ ತುದಿಯಲ್ಲಿ ಸರಿಯಾಗಿ ನಿಲ್ಲದಿದ್ರೆ ಗಾಳಿಯ ಒತ್ತಡಕ್ಕೆ ಕ್ರ್ಯಾಂಕ್ ತಿರುಗುತ್ತೆ, ಪುಲ್ಲಿ ಹತ್ರ ಕೈ ಇಡಬೇಡಿ.

ಟಾರ್ಕ್_ರೆಂಚ್:
ಒಂದು ಮಾತು ಸೇರಿಸ್ತೀನಿ. ಬ್ಲಾಕ್ ಟೆಸ್ಟ್‌ಗೆ ಮುಂಚೆ ರೇಡಿಯೇಟರಿಂದ ಸ್ವಲ್ಪ ಕೂಲೆಂಟ್ ತೆಗೆದು ಲೆವೆಲ್ ಇಳಿಸಿ. ಕೂಲೆಂಟೇ ಕೊಳವೆಗೆ ಏರಿದ್ರೆ ದ್ರಾವಣ ಕೆಟ್ಟು ಫಲಿತಾಂಶ ನಂಬೋ ಹಾಗಿರಲ್ಲ. ಹಾಗೇ, ಯಾರಾದ್ರೂ ಬಾಟ್ಲಿಯಲ್ಲಿ ಬರೋ ಸೀಲರ್ ಸುರೀರಿ ಅಂದ್ರೆ ದಯವಿಟ್ಟು ಕೇಳಬೇಡಿ. ಅದು ಸೀಳನ್ನ ಹುಡುಕಿಕೊಂಡು ಹೋಗಲ್ಲ. ರೇಡಿಯೇಟರ್, ಹೀಟರ್ ಕೋರಿನ ಸಣ್ಣ ನಾಳಗಳಲ್ಲೂ ಕೂರುತ್ತೆ. ಉಳಿಸಿಕೊಳ್ಳಬೇಕು ಅನ್ನೋ ಎಂಜಿನ್‌ಗೆ ಅದು ಬೇಡ.

ನಾಲ್ಕು_ಸಿಲಿಂಡರ್:
ಶನಿವಾರ ಎಲ್ಲಾ ಮುಗಿಸಿದೆ. ದ್ರಾವಣ ಎರಡು ನಿಮಿಷದೊಳಗೆ ಹಸಿರಾಗಿ ಆಮೇಲೆ ಪೂರ್ತಿ ಹಳದಿ. ರಾತ್ರಿ ಪ್ರೆಷರ್ ಬಿಟ್ಟು ಬೆಳಿಗ್ಗೆ ನೋಡಿದ್ರೆ ಮೂರನೇ ಸಿಲಿಂಡರಿನ ಪಿಸ್ಟನ್ ಮೇಲೆ ಕೂಲೆಂಟ್ ಹೊಳೀತಿತ್ತು. ಕಂಪ್ರೆಷನ್ 172, 170, 151, 168 ಪಿಎಸ್‌ಐ. ಮೂರಕ್ಕೆ ಗಾಳಿ ಕೊಟ್ಟಾಗ ರೇಡಿಯೇಟರ್ ಬಾಯಲ್ಲಿ ಗುಳುಗುಳು ಗುಳ್ಳೆ. ಉಳಿದ ಮೂರಕ್ಕೆ ಒಂದೂ ಇಲ್ಲ.

ಹಳೇ_ಸ್ಪ್ಯಾನರ್:
ಹಾಗಾದ್ರೆ ಹೆಡ್ ಇಳಿಸಲೇಬೇಕು. ಗ್ಯಾಸ್ಕೆಟ್ ಹೋಗಿರಬಹುದು, ಹೆಡ್ಡೇ ಬಿರುಕು ಬಿಟ್ಟಿರಬಹುದು. ಹೊರಗಿನಿಂದ ಎರಡೂ ಒಂದೇ ಥರ ಕಾಣುತ್ತೆ.

ಆದ್ರೆ ಅದಕ್ಕೂ ಮುಂಚೆ ನನಗೆ ಒಂದು ಉತ್ತರ ಬೇಕು. ಅವತ್ತು ಎಂಜಿನ್ ಹೀಟ್ ಆಗಿದ್ದು ಯಾಕೆ? ಒಳ್ಳೆ ಎಂಜಿನ್‌ನಲ್ಲಿ ಗ್ಯಾಸ್ಕೆಟ್ ತಾನಾಗಿ ಹೋಗೋದು ಕಡಿಮೆ. ಹೀಟ್ ಆದಾಗ ಅಲ್ಯೂಮಿನಿಯಂ ಹೆಡ್ ಬೆಂಡ್ ಆಗಿ ಗ್ಯಾಸ್ಕೆಟ್ ಮೇಲಿನ ಹಿಡಿತ ಸಡಿಲ ಆಗುತ್ತೆ. ಮೂಲ ಕಾರಣ ಹಾಗೇ ಬಿಟ್ಟು ಹೊಸ ಗ್ಯಾಸ್ಕೆಟ್ ಹಾಕಿದ್ರೆ ಕೆಲವೇ ತಿಂಗಳಲ್ಲಿ ಇದೇ ಪ್ರಶ್ನೆ ಮತ್ತೆ ಕೇಳ್ತೀರಿ. ನಿಂತಿದ್ದಾಗ ಹೀಟ್, ಓಡುವಾಗ ಸರಿ ಅಂದ್ರೆ ಮೊದಲು ಫ್ಯಾನ್ ನೋಡಿ.

ನಾಲ್ಕು_ಸಿಲಿಂಡರ್:
ಫ್ಯಾನ್ ತಿರುಗ್ತಾನೇ ಇಲ್ಲ! ಬ್ಯಾಟರಿಯಿಂದ ನೇರ ಕನೆಕ್ಷನ್ ಕೊಟ್ರೆ ತಿರುಗುತ್ತೆ. ಫ್ಯಾನಿಗೆ ಕರೆಂಟ್ ಕೊಡೋ ರಿಲೇ ಬಿಚ್ಚಿ ನೋಡಿದೆ, ಒಂದು ಕಾಲು ಸುಟ್ಟು ಕಪ್ಪಾಗಿದೆ. ಇಷ್ಟು ಚಿಕ್ಕ ವಸ್ತುವಿನಿಂದ ಇಷ್ಟೆಲ್ಲಾ ಆಯ್ತಾ ಅಂತ ತುಂಬಾ ಬೇಜಾರಾಯ್ತು.

ಹಳೇ_ಸ್ಪ್ಯಾನರ್:
ಕಾರಣ ಸಿಕ್ತು, ಅದೇ ದೊಡ್ಡದು. ರಿಲೇ ಜೊತೆ ಅದು ಕೂರೋ ಸಾಕೆಟ್ಟೂ ಸುಟ್ಟಿದೆಯಾ ನೋಡಿ. ಥರ್ಮೋಸ್ಟಾಟ್, ರೇಡಿಯೇಟರ್ ಕ್ಯಾಪ್ ಕೂಡ ಹೊಸದು ಹಾಕಿ.

ಇಳಿಸುವಾಗ: ಎಂಜಿನ್ ಪೂರ್ತಿ ತಣ್ಣಗಿರಲಿ. ಕೂಲೆಂಟ್ ತೆರೆದ ಪಾತ್ರೆಯಲ್ಲಿ ಬಿಡಬೇಡಿ, ಅದು ಸಿಹಿ ವಿಷ, ನಾಯಿ ಬೆಕ್ಕು ನೆಕ್ಕಿದ್ರೆ ಸಾಯ್ತವೆ. ಟೈಮಿಂಗ್ ಗುರುತು ಕೂಡಿಸಿ, ಫೋಟೋ ತೆಗೆದು, ಆಮೇಲೆ ಬೆಲ್ಟ್ ಬಿಚ್ಚಿ. ಹೆಡ್ ಬೋಲ್ಟ್‌ಗಳನ್ನ ಅಂಚಿನಿಂದ ನಡುವಿಗೆ, ಪ್ರತಿ ಸಲ ಸ್ವಲ್ಪ ಸ್ವಲ್ಪವೇ ಸಡಿಲಿಸಿ. ಹೆಡ್ ಅಂಟಿಕೊಂಡಿದ್ರೆ ಎರಡು ಮೇಲ್ಮೈ ನಡುವೆ ಸ್ಕ್ರೂಡ್ರೈವರ್ ತೂರಿಸಿ ಎಬ್ಬಬೇಡಿ, ಒಂದು ಗೀರು ಸಾಕು ಮತ್ತೆ ಸೋರೋಕೆ.

ಹೆಚ್ಚಿನವರು ಸೋಲೋದು ಕ್ಲೀನ್ ಮಾಡುವಾಗ. ಡ್ರಿಲ್‌ಗೆ ಹಾಕೋ ಉಜ್ಜೋ ಡಿಸ್ಕ್ ಬಳಸಲೇಬೇಡಿ. ಅದು ಅಲ್ಯೂಮಿನಿಯಂ ಮೇಲೆ ಕಣ್ಣಿಗೆ ಕಾಣದ ತಗ್ಗು ಮಾಡುತ್ತೆ. ಉದುರೋ ಪುಡಿ ಆಯಿಲ್ ದಾರಿಗೆ ಇಳಿದ್ರೆ ಬೇರಿಂಗ್‌ಗಳನ್ನ ತಿಂದುಹಾಕುತ್ತೆ. ಪ್ಲಾಸ್ಟಿಕ್ ಸ್ಕ್ರೇಪರ್, ಗ್ಯಾಸ್ಕೆಟ್ ರಿಮೂವರ್, ತಾಳ್ಮೆ ಇಷ್ಟೇ ಸಾಕು. ಸಿಲಿಂಡರ್, ಆಯಿಲ್ ತೂತುಗಳಿಗೆ ಬಟ್ಟೆ ತುಂಬಿ. ಎಷ್ಟು ತುಂಡು ತುಂಬಿದ್ರಿ ಅಂತ ಎಣಿಸಿ ಬರೆದಿಟ್ಟುಕೊಳ್ಳಿ.

ಬ್ಲಾಕಿನ ಬೋಲ್ಟ್ ತೂತುಗಳ ತಳದಲ್ಲಿ ಆಯಿಲ್, ಕೂಲೆಂಟ್ ನಿಂತಿರುತ್ತೆ. ಅದನ್ನ ಪೂರ್ತಿ ಹೀರಿ ಒಣಗಿಸಿ. ದ್ರವ ಉಳಿದ ತೂತಿಗೆ ಬೋಲ್ಟ್ ಬಿಗಿ ಮಾಡಿದ್ರೆ ಬ್ಲಾಕೇ ಸೀಳಬಹುದು, ಟಾರ್ಕ್ ಕೂಡ ಸುಳ್ಳು ತೋರಿಸುತ್ತೆ.

ನಾಲ್ಕು_ಸಿಲಿಂಡರ್:
ಹೆಡ್ ಇಳಿಸಿದೆ. ಮೂರನೇ ಸಿಲಿಂಡರ್ ಮತ್ತು ಕೂಲೆಂಟ್ ದಾರಿ ನಡುವೆ ಗ್ಯಾಸ್ಕೆಟ್ ಸುಟ್ಟು ಸಣ್ಣ ಕಾಲುವೆ ಥರ ಆಗಿದೆ. ಹೆಡ್ಡಿನ ಮೇಲ್ಮೈಗೆ ಸ್ಟ್ರೈಟ್ ಎಡ್ಜ್ (ನೇರ ಪಟ್ಟಿ) ಇಟ್ಟು ಉದ್ದಕ್ಕೆ, ಅಡ್ಡಕ್ಕೆ, ಮೂಲೆಯಿಂದ ಮೂಲೆಗೆ ಫೀಲರ್ ಗೇಜ್ (ಸಂದಿ ಅಳೆಯೋ ತೆಳು ತಗಡು) ಹಾಕಿದೆ. ನಡುವಲ್ಲಿ 0.12 ಮಿ.ಮೀ. ಹೋಗ್ತಿದೆ. ಮ್ಯಾನುಯಲ್ ಪ್ರಕಾರ ಮಿತಿ 0.05. ಬ್ಲಾಕ್ ಮಿತಿಯೊಳಗಿದೆ. ಹಾಗೇ ಹಾಕಬಹುದಾ?

ಟಾರ್ಕ್_ರೆಂಚ್:
ಬೇಡ. ಹೆಡ್ ಮಷೀನ್ ಶಾಪ್‌ಗೆ ಕೊಡಿ. ಮೊದಲು ಬಿರುಕಿಗೆ ಪ್ರೆಷರ್ ಟೆಸ್ಟ್, ಅದು ಪಾಸಾದ ಮೇಲೆ ಫೇಸಿಂಗ್, ಅಂದ್ರೆ ಮೇಲ್ಮೈಯನ್ನ ತೆಳುವಾಗಿ ಹೆರೆದು ಸಮತಟ್ಟು ಮಾಡೋದು. ಈ ಕ್ರಮ ತಪ್ಪಿದ್ರೆ ಒಡೆದ ಹೆಡ್‌ಗೆ ಖರ್ಚು ಮಾಡಿದ ಹಾಗಾಗುತ್ತೆ. ನಿಮ್ಮದು ಹಲವು ಪದರದ ಸ್ಟೀಲ್ ಗ್ಯಾಸ್ಕೆಟ್ ಆಗಿದ್ರೆ ಮೇಲ್ಮೈ ತುಂಬಾ ನುಣುಪಾಗಿರಬೇಕು, ಇದನ್ನ ಅವರಿಗೆ ಹೇಳಿ. ಎಷ್ಟು ತೆಗೆದ್ರು ಅಂತ ಕೇಳಿ ಬರೆಸಿಕೊಳ್ಳಿ. ಹೆಡ್ಡಿನ ಕನಿಷ್ಠ ಎತ್ತರ ಮ್ಯಾನುಯಲ್‌ನಲ್ಲಿರುತ್ತೆ, ಅದಕ್ಕಿಂತ ಕೆಳಗೆ ಹೋಗಬಾರದು.

ನಾಲ್ಕು_ಸಿಲಿಂಡರ್:
ಬಿರುಕು ಇಲ್ಲ! 0.15 ತೆಗೆದಿದ್ದಾರೆ, ಎತ್ತರ ಮಿತಿಯೊಳಗಿದೆ. ಹಳೇ ಬೋಲ್ಟ್‌ಗಳು ನೋಡೋಕೆ ಚೆನ್ನಾಗೇ ಇವೆ. ಅವನ್ನೇ ಹಾಕ್ಲಾ?

ಹಳೇ_ಸ್ಪ್ಯಾನರ್:
ಟಾರ್ಕ್ (ಬಿಗಿ ಮಾಡೋ ಬಲ) ಜೊತೆ ಬೋಲ್ಟನ್ನ ಇನ್ನೆಷ್ಟು ಡಿಗ್ರಿ ತಿರುಗಿಸಬೇಕು ಅನ್ನೋ ಲೆಕ್ಕ ಇದೆಯಾ ಮ್ಯಾನುಯಲ್‌ನಲ್ಲಿ? ಇದ್ರೆ ಅವು ಬಹುತೇಕ ಎಳೆದುಕೊಳ್ಳೋ ಬೋಲ್ಟ್‌ಗಳು. ಒಮ್ಮೆ ಹಿಗ್ಗಿದ ಮೇಲೆ ಮೊದಲಿನ ಹಿಡಿತ ಕೊಡಲ್ಲ. ಹೊಸದೇ ಹಾಕಿ. ಬೋಲ್ಟಿನ ಥ್ರೆಡ್‌ಗಳಿಗೆ ಆಯಿಲ್ ಹಚ್ಚಬೇಕೋ ಬೇಡವೋ ಅನ್ನೋದನ್ನೂ ಮ್ಯಾನುಯಲ್ ನೋಡಿಯೇ ಮಾಡಿ, ಅದರ ಮೇಲೆ ಟಾರ್ಕ್ ಬದಲಾಗುತ್ತೆ. ಗ್ಯಾಸ್ಕೆಟ್ ಒಣಗಿದ ಹಾಗೇ ಕೂರಿಸಿ, ಮ್ಯಾನುಯಲ್ ಹೇಳದ ಕಡೆ ಪೇಸ್ಟ್ ಬೇಡ. ಮೇಲ್ಮುಖದ ಗುರುತು ನೋಡಿ, ಆಯಿಲ್ ತೂತು ಮುಚ್ಚಿಲ್ಲ ಅಂತ ಖಾತ್ರಿ ಮಾಡಿಕೊಳ್ಳಿ. ಬಿಗಿ ಮಾಡೋದು ನಡುವಿನಿಂದ ಅಂಚಿಗೆ. ಡಿಗ್ರಿ ಹಂತದಲ್ಲಿ ಪ್ರತಿ ಬೋಲ್ಟ್ ತಲೆಗೂ ಬಣ್ಣದ ಗೆರೆ ಎಳೆದುಕೊಂಡ್ರೆ ಯಾವುದೂ ಬಿಟ್ಟುಹೋಗಲ್ಲ.

ಬೆಲ್ಟ್ ಕೂರಿಸಿದ ಮೇಲೆ ಕ್ರ್ಯಾಂಕನ್ನ ಕೈಯಲ್ಲೇ ಎರಡು ಸುತ್ತು ತಿರುಗಿಸಿ ಗುರುತು ಮತ್ತೆ ಕೂಡುತ್ತಾ ನೋಡಿ. ಎಲ್ಲಾದ್ರೂ ತಡೆದ್ರೆ ಬಲ ಹಾಕದೆ ನಿಲ್ಲಿಸಿ, ವಾಲ್ವ್ ಪಿಸ್ಟನ್‌ಗೆ ತಾಗ್ತಿರಬಹುದು. ಆಯಿಲ್, ಫಿಲ್ಟರ್ ಹೊಸದು ಹಾಕಿ. ಕೂಲೆಂಟ್ ತುಂಬಿ ಹೀಟರ್ ಫುಲ್ ಬಿಸಿಗಿಟ್ಟು ಗಾಳಿ ತೆಗೆಯಿರಿ. ಫ್ಯಾನ್ ತಾನಾಗಿ ಎರಡು ಸಲ ಆನ್ ಆಗಿ ಆಫ್ ಆಗೋವರೆಗೂ ಅಲ್ಲಿಂದ ಕದಲಬೇಡಿ.

ನಾಲ್ಕು_ಸಿಲಿಂಡರ್:
ಇವತ್ತಿಗೆ ಆರು ವಾರ ಆಯ್ತು. ಮೊದಲ ದಿನ ಸೈಲೆನ್ಸರ್‌ನಲ್ಲಿ ಉಳಿದಿದ್ದ ಕೂಲೆಂಟ್ ಸುಟ್ಟು ಹತ್ತು ನಿಮಿಷ ದಟ್ಟ ಹೊಗೆ ಬಂತು, ಕೈಕಾಲು ಆಡಲಿಲ್ಲ. ಆಮೇಲೆ ನಿಂತೇಹೋಯ್ತು. ಮೊದಲ ಬೆಳಿಗ್ಗೆ ಕೂಲೆಂಟ್ ಸ್ವಲ್ಪ ಇಳಿದಿತ್ತು, ಗಾಳಿ ಇದ್ದಿರಬೇಕು, ತುಂಬಿಸಿದೆ. ಅಲ್ಲಿಂದ ಗೆರೆ ಅಲ್ಲೇ ನಿಂತಿದೆ. ಬ್ಲಾಕ್ ಟೆಸ್ಟ್ ಮತ್ತೆ ಮಾಡಿದೆ, ದ್ರಾವಣ ನೀಲಿಯಾಗೇ ಉಳೀತು. ಬೆಳಿಗ್ಗೆ ಮೊದಲ ಸೆಲ್ಫ್‌ಗೇ ನಾಲ್ಕೂ ಸಿಲಿಂಡರ್ ಒಟ್ಟಿಗೆ ಹಿಡಿಯುತ್ತೆ. ನಿಮ್ಮಿಬ್ಬರಿಗೂ ತುಂಬಾ ಋಣಿ. ವಾರಕ್ಕೊಮ್ಮೆ ಇಪ್ಪತ್ತು ಕಿ.ಮೀ. ಓಡಿಸ್ತಿದ್ದೀನಿ, ಕ್ಯಾಪಿನ ಕೆನೆಯೂ ಹೋಗಿದೆ.