ದೊಡ್ಡ ಸಿಟಿಗೆ ಸುಂಟರಗಾಳಿ ಬರಂಗಿಲ್ಲ ಅಂತಾರ, ಖರೇನಾ?

ಗಂಗಾವತಿ ರೈತ:
ನಮ್ಮಣ್ಣನ ಮಗ ಅಮೆರಿಕಾದ ಡಲ್ಲಾಸ್‌ನಾಗ ಕೆಲಸಕ್ಕದಾನ. ಮೊನ್ನೆ ಫೋನ್ ಮಾಡಿದಾಗ ಹಿಂದ ಸೈರನ್ ಹೊಡಕೊಳ್ತಿತ್ತು, ಟೊರ್ನಾಡೊ ವಾರ್ನಿಂಗ್ ಐತಿ ಕಾಕಾ, ಎಲ್ಲಾರೂ ಬಾತ್‌ರೂಮಿನ್ಯಾಗ ಕುಂತೀವಿ ಅಂದ. ಅವತ್ತಿಂದ ನಮ್ಮ ಅತ್ತಿಗಿ ಸರಿಯಾಗಿ ಊಟಾನೂ ಮಾಡವಲ್ಲರು. ಊರಾಗ ಒಬ್ರು ಎತ್ತರ ಬಿಲ್ಡಿಂಗ್ ಇದ್ದಲ್ಲಿ ಗಾಳಿ ಒಡದು ಹೋಗ್ತೈತಿ, ಸಿಟಿಗೆ ಬರಂಗಿಲ್ಲ ಅಂದ್ರು. ಖರೇನಾ? ನಮ್ಮ ಹೊಲದಾಗ ಏಳೋ ಸುಂಟರಗಾಳಿನೂ ಅದೂ ಒಂದೇನಾ?

ರಾಯಚೂರು ಮೇಷ್ಟ್ರು:
ಇಲ್ರಿ ಅಣ್ಣಾರ, ಬಿಲ್ಡಿಂಗ್ ಅದನ್ನ ತಡಿಯಂಗಿಲ್ಲ. ಡಲ್ಲಾಸ್ ಬಾಜೂಕಿನ ಫೋರ್ಟ್ ವರ್ತ್‌ಗೆ 2000ದ ಮಾರ್ಚ್ 28ಕ್ಕ ಊರ ನಡುವನೇ ಹೊಕ್ಕಿತ್ತು, ಎತ್ತರದ ಬಿಲ್ಡಿಂಗಿನ ಗಾಜೆಲ್ಲಾ ಉದುರಿದ್ವು. 2008ರಾಗ ಅಟ್ಲಾಂಟಾಕ್ಕೂ ಹಂಗೇ ಆತು. ಅಪರೂಪ ಯಾಕಂದ್ರ ಅದು ಸಾಮಾನ್ಯವಾಗಿ ಕೆಲವು ನೂರು ಮೀಟರ್ ಅಗಲ ಅಷ್ಟೇ ಇರ್ತದ, ಕಣ್ಣು ಮುಚ್ಚಿ ಹೊಲದಾಗ ಕಲ್ಲು ಒಗದ್ರ ಅದು ಬಾವ್ಯಾಗೇ ಬೀಳಬೇಕಂದ್ರ ಹೆಂಗ, ಹಂಗ. ಆದ್ರ ಸಿಟಿ ಬೆಳದಂಗ ಬಾವಿ ದೊಡ್ಡದಾಗ್ತದ ನೋಡ್ರಿ. 2019ರ ಅಕ್ಟೋಬರ್ 20ಕ್ಕ ಡಲ್ಲಾಸ್‌ಗೇ ರಾತ್ರಿ ಹೊಡೀತು, ಮನಿ ಅಂಗಡಿ ಭಾಳ ಹಾಳಾದ್ವು, ಒಂದು ಜೀವಾನೂ ಹೋಗಲಿಲ್ಲ. ಇದನ್ನ ಅತ್ತಿಗಿಯವರಿಗೆ ಹೇಳ್ರಿ.

ಬಳ್ಳಾರಿಯಿಂದ:
ಎರಡೂ ಬ್ಯಾರೆ ಬ್ಯಾರೆ. ನಮ್ಮ ಎರಿ ಹೊಲದಾಗ ಉರಿ ಬಿಸಲಿಗೆ ನೆಲ ಕಾದು ಧೂಳು ಕಸ ಎತ್ಕೊಂಡು ತಿರುಗೋದು ನೆಲದಿಂದ ಏಳತೈತಿ, ಮ್ಯಾಲೆ ಮೋಡಾನೇ ಇರಂಗಿಲ್ಲ. ಅಲ್ಲೀದು ಗುಡುಗಿನ ಮೋಡದಿಂದ ಇಳಿತೈತಿ, ಮೆಕ್ಸಿಕೊ ಕೊಲ್ಲಿ ಕಡಿ ಹಸಿ ಗಾಳಿ, ಪಶ್ಚಿಮದ ಒಣ ಗಾಳಿ ಕೂಡಿದ್ಮ್ಯಾಲೆ ಎತ್ತರ ಎತ್ತರಕ್ಕ ಗಾಳಿ ದಿಕ್ಕು, ವೇಗ ಬದಲಾದ್ರ ಮೋಡಾನೇ ತಿರುಗಾಕ ಹತ್ತತೈತಿ. ಇಂಡಿಯಾದಾಗ ಇಲ್ಲವೇ ಇಲ್ಲ ಅಂತಲ್ಲ, 1978ರ ಮಾರ್ಚ್ 17ಕ್ಕ ದಿಲ್ಲಿ ಯೂನಿವರ್ಸಿಟಿ ಕಡೆ ಹೊಡದು 28 ಮಂದಿ ಸತ್ರು.

ನಮ್ಮ ಕಡಿಗೆ ನನಗ ಅಂಜಿಕಿ ಇರೋದು ಮುಂಗಾರಿನ ಮೊದಲಿನ ಬಿರುಗಾಳಿದು. ಹೋದ ವರ್ಷ ಪಕ್ಕದ ಮನಿ ತಗಡು ಹಾರಿ ಬಂದು ನಮ್ಮ ಬೇವಿನ ಗಿಡದಾಗ ನಾಕು ಬಟ್ಟು ಇಳಿದಿತ್ತು, ಅದರ ಬುಡಕ್ಕೇ ಅವ್ವ ದಿನಾ ಕುಂದ್ರತಾಳ. ಮಳಿಗಾಲಕ್ಕಿಂತ ಮೊದಲು ತಗಡಿನ ನಟ್ಟು ಬಿಗಿಸ್ರಿ, ಬರೇ ಕಲ್ಲು ಇಟ್ರ ಸಾಲಂಗಿಲ್ಲ.

ಗಂಗಾವತಿ ರೈತ:
ಭಾಳ ಉಪಕಾರ ಆತ್ರಿ. ಬಾತ್‌ರೂಮೇ ಯಾಕ?

ರಾಯಚೂರು ಮೇಷ್ಟ್ರು:
ನೆಲಮಾಳಿಗಿ ಇದ್ರ ಅದೇ ಛಲೋ. ಇಲ್ಲಂದ್ರ ಕೆಳಗಿನ ಅಂತಸ್ತಿನ್ಯಾಗ, ಮನಿ ನಟ್ಟನಡುವೆ, ಕಿಟಕಿ ಇಲ್ಲದ ಸಣ್ಣ ಖೋಲಿ ಆಗ್ಬೇಕು. ಹಾರಿ ಬರೋ ಗಾಜು, ಕಟ್ಟಿಗಿನೇ ಮಂದೀನ ಹೆಚ್ಚಿಗಿ ಬಡೀತಾವ. ಹುಡುಗಗ ತಲಿಗೆ ಹೆಲ್ಮೆಟ್, ಕಾಲಿಗೆ ಬೂಟು ಹಾಕ್ಕೊಂಡೇ ಕುಂದ್ರು ಅನ್ರಿ, ಹೊರಗ ಬಂದಾಗ ನೆಲದ ತುಂಬ ಗಾಜು ಬಿದ್ದಿರ್ತದ.