ವಿದೇಶಿ ಒಕ್ಕೂಟಕ್ಕೆ ಸೇರಬೇಕಾ, ಬೇಡವಾ? ಅನುಭವ ಇದ್ದವರು ಹೇಳಿ

ನೀರ್ಚಾಲಿನವಳು:
ಎಲ್ಲರಿಗೂ ನಮಸ್ಕಾರ. ನಾನು ಎಂಎಸ್‌ಡಬ್ಲ್ಯೂ (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಮುಗಿಸಿ ಆರು ವರ್ಷ ಆಯ್ತು. ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ಅಂಗವಿಕಲ ಮಕ್ಕಳ ಹಗಲು ಕೇಂದ್ರದಲ್ಲಿ ಕೆಲಸ. ಹದಿನೇಳು ಮಕ್ಕಳು, ಅರ್ಧಕ್ಕಿಂತ ಹೆಚ್ಚಿನವರು ಎಂಡೋಸಲ್ಫಾನ್ ಕೀಟನಾಶಕದಿಂದ ತೊಂದರೆಯಾದವರ ಸರ್ಕಾರಿ ಪಟ್ಟಿಯಲ್ಲಿ ಇರುವವರು. ಸಮಾಜ ಕಲ್ಯಾಣ, ಜಾಗತೀಕರಣ ಅಂತ ಕೆಲಸ ಮಾಡುವ ಯುರೋಪಿನ ಒಂದು ಒಕ್ಕೂಟ ನಮ್ಮ ಸೊಸೈಟಿಯನ್ನು ಸದಸ್ಯರಾಗಿ ಎಂದು ಕರೆದಿದೆ. ಚಂದಾ ವರ್ಷಕ್ಕೆ 150 ಯೂರೋ. ಸೇರಿದರೆ ಜಿನೀವಾದ ಸಭೆಗೆ ಒಬ್ಬರ ಟಿಕೆಟ್ ಅವರದ್ದೇ. ಮುಂದೆ ಪ್ರಾಜೆಕ್ಟಿಗೆ ಹಣವೂ ಬರಬಹುದಂತೆ. ನಮಗೆ ಎಫ್‌ಸಿಆರ್‌ಎ, ಅಂದರೆ ವಿದೇಶಿ ದೇಣಿಗೆ ಪಡೆಯಲು ಬೇಕಾದ ಕೇಂದ್ರ ಸರ್ಕಾರದ ನೋಂದಣಿ, ಇಲ್ಲ. ಕಮಿಟಿಯಲ್ಲಿ ಐದು ಜನ ಬೇಡ ಎನ್ನುತ್ತಾರೆ, ನಾಲ್ಕು ಜನ ಬೇಕು ಎನ್ನುತ್ತಾರೆ. ಹಣ ತೆಗೊಳ್ಳದೆ ಬರೀ ಸದಸ್ಯತ್ವ ತೆಗೊಳ್ಳಬಹುದಾ? ಅರ್ಜಿಗೆ 20ನೇ ತಾರೀಕಿನವರೆಗೆ ಟೈಮ್ ಉಂಟು.

ಪೆರ್ಲದ ಮಾಸ್ಟ್ರು:
ಬೇಡ ಎಂದ ಆ ಐದು ಜನರಿಗೆ ನನ್ನ ಕಡೆಯಿಂದ ಒಂದೊಂದು ಚಾ ಕುಡಿಸಮ್ಮ.

ನಮ್ಮದೂ ಇಂಥದ್ದೇ ಕೇಂದ್ರ. 2016ರಿಂದ ಬೆಂಗಳೂರಿನ ದೊಡ್ಡ ಸಂಸ್ಥೆಯೊಂದರ ಮೂಲಕ ತಿಂಗಳಿಗೆ 28,000 ವಿದೇಶಿ ಹಣ ಬರುತ್ತಿತ್ತು. ಫಿಸಿಯೋಥೆರಪಿಯವಳಿಗೆ 14,000, ಮಕ್ಕಳನ್ನು ತರುವ ಜೀಪಿಗೆ 9,500, ಉಳಿದದ್ದು ಗಂಜಿ, ಪಯರು, ಮೊಟ್ಟೆ. 2020ರ ಸೆಪ್ಟೆಂಬರಿನಲ್ಲಿ ಕಾನೂನು ತಿದ್ದುಪಡಿ ಆಯ್ತಲ್ಲ, ವಿದೇಶಿ ಹಣ ಪಡೆದ ಸಂಸ್ಥೆ ಅದನ್ನು ಇನ್ನೊಂದು ಸಂಸ್ಥೆಗೆ ಕೊಡುವ ಹಾಗೇ ಇಲ್ಲ ಎಂದು. ಅಕ್ಟೋಬರಿನ ಹಣ ಬರಲೇ ಇಲ್ಲ. ಬೆಂಗಳೂರಿನವರು ಒಂದು ಇಮೇಲ್ ಹಾಕಿ ಕೈ ತೊಳೆದುಕೊಂಡರು. ಆ ಹುಡುಗಿ ಕಾಞಂಗಾಡಿನಿಂದ ಎರಡು ಬಸ್ ಬದಲಿಸಿ ಬರುವವಳು, ಸಂಬಳ ಇಲ್ಲದೆ ಎರಡು ತಿಂಗಳು ಬಂದಳು. ಮೂರನೇ ತಿಂಗಳು ನಾನೇ ಬೇಡ ಎಂದೆ.

ಆಮೇಲೆ ನಾವೇ ಎಫ್‌ಸಿಆರ್‌ಎ ಮಾಡಿಸುವ ಎಂದು ಹೊರಟೆವು. ಹಿಂದಿನ ಮೂರು ವರ್ಷದಲ್ಲಿ ಮುಖ್ಯ ಕೆಲಸಕ್ಕೇ 15 ಲಕ್ಷ ಖರ್ಚು ತೋರಿಸಬೇಕು. ನಮ್ಮದು ಗಂಜಿಯನ್ನೂ ಸೇರಿಸಿ 11 ಲಕ್ಷದ 40 ಸಾವಿರ. ಎರಡು ವರ್ಷ ಕಾದು, ಊರವರ ಕಾಲು ಹಿಡಿದು 15 ಮುಟ್ಟಿಸಿದೆವು. ಲೆಕ್ಕಪರಿಶೋಧಕರಿಗೆ 35,000. ಪದಾಧಿಕಾರಿಗಳ ಅಫಿಡವಿಟ್ಟಿಗೆ ಸ್ಟಾಂಪ್ ಪೇಪರ್, ನೋಟರಿ ಸೇರಿ 4,200. ದೆಹಲಿಯ ಸಂಸದ್ ಮಾರ್ಗದ ಎಸ್‌ಬಿಐ ಮುಖ್ಯ ಶಾಖೆಯಲ್ಲೇ ಖಾತೆ ಬೇಕು ಎಂದು ಕಾನೂನು. ನಾನೂ ಕಾರ್ಯದರ್ಶಿಯೂ ಕಾಸರಗೋಡಿನಲ್ಲಿ ಮಂಗಳಾ ಎಕ್ಸ್‌ಪ್ರೆಸ್ ಹತ್ತಿದೆವು. ಜನವರಿ ಚಳಿ, ನನ್ನ ಹತ್ತಿರ ಇದ್ದದ್ದು ಒಂದು ಬೈರಾಸು. ಹೋಗಿ ಬರಲು 17,600. ಅಲ್ಲಿ ಹೋದಮೇಲೆ ಗೊತ್ತಾದದ್ದು, ಆಧಾರಿನಲ್ಲಿ ನನ್ನ ಇನಿಷಿಯಲ್ ಹೆಸರಿನ ಹಿಂದೆ, ಸೊಸೈಟಿ ಪುಸ್ತಕದಲ್ಲಿ ಮುಂದೆ.

ಕುಂಬಳೆ ಲೆಕ್ಕಪತ್ರ:
ಮಾಸ್ಟ್ರೇ, ಬೇಸರ ಮಾಡಬೇಡಿ. ದೆಹಲಿಗೆ ಹೋಗುವ ಅಗತ್ಯವೇ ಇರಲಿಲ್ಲ. ಇಲ್ಲಿಯ ಎಸ್‌ಬಿಐ ಶಾಖೆಯಲ್ಲಿ ಕಾಗದ ಕೊಟ್ಟರೆ ಅವರೇ ಅಲ್ಲಿಗೆ ಕಳಿಸುತ್ತಾರೆ. ನಾನು ಮೂರು ಸಂಸ್ಥೆಗೆ ಹಾಗೆಯೇ ಮಾಡಿಸಿದ್ದು.

ಪೆರ್ಲದ ಮಾಸ್ಟ್ರು:
ಈಗ ಹೇಳುವವರು ಸುಮಾರು ಜನ. ಆಗ ನನ್ನ ಫೋನ್ ಎತ್ತಿದವರು ಒಬ್ಬರೂ ಇಲ್ಲ. ನಿಮಗೂ ಮಾಡಿದ್ದೆ, ನೆನಪಿರಬಹುದು.

ಕುಂಬಳೆ ಲೆಕ್ಕಪತ್ರ:
ಅದು ತಂಗಿಯ ಮದುವೆಯ ವಾರ ಮಾರಾಯ್ರೆ.

ಇರಲಿ. ನನ್ನ ಅನುಭವ ಬೇರೆ. ನಾನು ಖಜಾಂಚಿಯಾಗಿದ್ದ ಸಂಘಕ್ಕೆ ಎರಡು ದೇಣಿಗೆ ಬಂತು. ದುಬೈಯ ನಮ್ಮೂರವ 2 ಲಕ್ಷ ಕಳಿಸಿದ, ಏನೂ ತೊಂದರೆ ಆಗಲಿಲ್ಲ. ಭಾರತದ ಪಾಸ್‌ಪೋರ್ಟ್ ಇರುವವ ತನ್ನ ಉಳಿತಾಯದಿಂದ ಬ್ಯಾಂಕಿನ ಮೂಲಕ ಕೊಟ್ಟರೆ ಅದು ವಿದೇಶಿ ದೇಣಿಗೆ ಅಲ್ಲ. ಎರಡನೆಯದು ನನ್ನ ಸ್ವಂತ ಅತ್ತಿಗೆಯ ಅಣ್ಣ ಅಮೆರಿಕದಿಂದ ಕೊಟ್ಟ 50,000. ಅವ ಅಲ್ಲಿಯ ಪೌರತ್ವ ತೆಗೊಂಡು ನಾಲ್ಕು ವರ್ಷ ಆಗಿತ್ತು, ನಮಗೆ ಹೇಳಿರಲಿಲ್ಲ. ಪೌರತ್ವ ಬದಲಾದರೆ ಅವ ವಿದೇಶಿ ಮೂಲ, ನಿಮ್ಮ ತೊಡೆಯ ಮೇಲೆ ಆಡಿ ಬೆಳೆದವನಾದರೂ. ಆಡಿಟಿನಲ್ಲಿ ಸಿಕ್ಕಿಬಿತ್ತು. ವಿವರಣೆ ಕೊಟ್ಟೂ ಕೊಟ್ಟೂ ಒಂದೂವರೆ ವರ್ಷ ಹೋಯ್ತು. 50,000ಕ್ಕೆ ನಾನು ಓಡಾಡಿ ಖರ್ಚು ಮಾಡಿದ್ದು 61,300, ಚೀಟಿ ಸಮೇತ ಇಟ್ಟಿದ್ದೇನೆ. ಅತ್ತಿಗೆ ಇನ್ನೂ ಸರಿ ಮಾತಾಡುವುದಿಲ್ಲ.

ತಂಗೀ, ಚಂದಾ ಇಲ್ಲಿಂದ ಹೋಗುವ ದುಡ್ಡು, ಎಫ್‌ಸಿಆರ್‌ಎ ಬರುವ ದುಡ್ಡಿಗೆ. ಟಿಕೆಟ್ ತೆಗೊಳ್ಳುವವರು ಸರ್ಕಾರಿ ಅಥವಾ ಸರ್ಕಾರಿ ಕಂಪನಿಯ ನೌಕರರು, ಶಾಸಕರು, ಸಂಸದರು, ನ್ಯಾಯಾಧೀಶರು, ರಾಜಕೀಯ ಪಕ್ಷದ ಪದಾಧಿಕಾರಿಗಳು ಆದರೆ ಮಾತ್ರ ಮೊದಲೇ ಅನುಮತಿ ಬೇಕು.

ಉಪ್ಪಳದ ಬೀಡಿ ಯೂನಿಯನ್:
ಎಲ್ಲರೂ ದುಡ್ಡು ದುಡ್ಡು ಎಂದೇ ಬರೆಯುತ್ತಿದ್ದೀರಿ. ನಾನು 2004ರ ಜನವರಿಯಲ್ಲಿ ಮುಂಬೈಯ ವಿಶ್ವ ಸಾಮಾಜಿಕ ವೇದಿಕೆಗೆ, ಜಾಗತೀಕರಣವನ್ನು ಪ್ರಶ್ನಿಸುವ ಬೇರೆ ಬೇರೆ ದೇಶದ ಸಂಘಟನೆಗಳ ಸಭೆಗೆ, ಹೋದವ. ಗೋರೆಗಾಂವ್, 16ರಿಂದ 21ರವರೆಗೆ. ಜನರಲ್ ಬೋಗಿಯಲ್ಲಿ ನಿಂತು ಹೋದದ್ದು, ಕೈಯಿಂದ ಖರ್ಚಾದದ್ದು 640 ರೂಪಾಯಿ, ಅದರಲ್ಲಿ 90 ಚಪ್ಪಲಿಗೆ. ಬ್ರೆಜಿಲಿನ ಪೋರ್ತೊ ಅಲೆಗ್ರೆಯಲ್ಲಿ 2001ರಲ್ಲಿ ಸುರುವಾದದ್ದು ಅದು, ಆ ದೇಶದಿಂದ ಹೊರಗೆ ಬಂದದ್ದು ಆ ಸಲವೇ ಮೊದಲು. ಅಲ್ಲಿ ಧೂಳು ಎಂದರೆ ಧೂಳು. ಫಿಲಿಪ್ಪೀನ್ಸಿನ ಒಬ್ಬಳು ಅಜ್ಜಿ ನನ್ನ ಬೆರಳು ಹಿಡಿದು ನೋಡಿದಳು, ಉಗುರು ಹೊಗೆಸೊಪ್ಪಿನಿಂದ ಹಳದಿ. ತನ್ನ ಬೆರಳು ತೋರಿಸಿದಳು, ಅವಳದ್ದೂ ಹಳದಿ. ಭಾಷೆ ಇಲ್ಲ, ಏನೂ ಇಲ್ಲ. ಊರಿಗೆ ಬಂದು ಒಂದು ಸಾವಿರ ಬೀಡಿಯ ಕೂಲಿಗೆ ಮಾತಾಡುವಾಗ ನನ್ನ ಸ್ವರವೇ ಬೇರೆ ಆಗಿತ್ತು. ಹೋಗಮ್ಮ ನೀನು.

ಅಡಿಕೆ ಒಣಗಿಸುವವ:
ಬೆರಳು ನೋಡಲು ಮುಂಬೈಗೆ ಹೋಗಬೇಕಿತ್ತಾ? ಆ ಜಾತ್ರೆಯ ರಸ್ತೆಯ ಆಚೆ ಬದಿ ಇನ್ನೊಂದು ಜಾತ್ರೆ ನಡೆದಿತ್ತು, ಇವರು ವಿದೇಶಿ ಹಣದ ಜಾಗತೀಕರಣ ವಿರೋಧಿಗಳು ಎಂದು ಬೈಯಲಿಕ್ಕೆ. ಅದನ್ನು ನೀವು ಹೇಳಲಿಲ್ಲ.

ಉಪ್ಪಳದ ಬೀಡಿ ಯೂನಿಯನ್:
ಮುಂಬೈಗೆ ಅಮೆರಿಕದ ಫೋರ್ಡ್ ಫೌಂಡೇಶನಿನ ಹಣವೇ ಬೇಡ ಎಂದು ನಡೆಸಿದ್ದು, ಓದಿ ಬನ್ನಿ. ಆ ಬದಿಗೂ ಹೋಗಿದ್ದೆ. ಅಲ್ಲಿ ಚಾ ಎರಡು ರೂಪಾಯಿ ಕಡಿಮೆ.

ಅಡಿಕೆ ಒಣಗಿಸುವವ:
ನಾನೂ ಸಾಲಿನಲ್ಲಿ ನಿಂತವನೇ. 2009ರ ಅಕ್ಟೋಬರ್ 2ರಂದು ಆಸಿಯಾನ್ ಒಪ್ಪಂದ, ಅಂದರೆ ಆಗ್ನೇಯ ಏಷ್ಯಾದ ದೇಶಗಳ ಜೊತೆಗಿನ ಮುಕ್ತ ವ್ಯಾಪಾರ, ಬೇಡ ಎಂದು ಕಾಸರಗೋಡಿನಿಂದ ತಿರುವನಂತಪುರದವರೆಗೆ ಮಾನವ ಸರಪಳಿ ಮಾಡಿದರಲ್ಲ. ನನ್ನ ಪಾರ್ಟಿ ಅಲ್ಲ, ಆದರೂ ಅಡಿಕೆ, ರಬ್ಬರ್, ಕಾಳುಮೆಣಸಿನ ಚಿಂತೆ ಎಂದು ಹೋದೆ. ಬಲಗೈ ಹಿಡಿದವ ಯಾರು ಎಂದೂ ಗೊತ್ತಿಲ್ಲ, ಭಯಂಕರ ಬೆವರು. 2010ರ ಜನವರಿ 1ಕ್ಕೆ ಒಪ್ಪಂದ ಜಾರಿಗೆ ಬಂತು. ಕೈ ತೊಳೆದದ್ದೊಂದೇ ಲಾಭ.

ಮುಳ್ಳೇರಿಯದ ಅಕ್ಕ:
ನಾನು ಹೋಗಿ ಬಂದವಳು, ಯುರೋಪಿಗೇ. ಯಾವ ವರ್ಷ, ಯಾವ ಸಂಸ್ಥೆ ಎಂದು ಕೇಳಬೇಡಿ. ಮಗನಿಗೆ ಆಗ ಹದಿನಾಲ್ಕು, ತಲೆ ನಿಲ್ಲುವುದಿಲ್ಲ, ಮಾತಿಲ್ಲ. ಅವನನ್ನು ಇಪ್ಪತ್ತು ದಿನ ನನ್ನ ಅಮ್ಮನ ಹತ್ತಿರ ಬಿಟ್ಟೆ. ವೀಸಾಕ್ಕೆ ಕೊಚ್ಚಿಗೆ ಎರಡು ಸಲ ಮಾವೇಲಿ ರೈಲಿನಲ್ಲಿ ಹೋದದ್ದು. ಮೊದಲ ಸಲ ಪ್ರಯಾಣ ವಿಮೆ 30,000 ಯೂರೋದ್ದು ಬೇಕು, ನಮ್ಮದು ಸಾಲದು ಎಂದು ಹಿಂದೆ ಕಳಿಸಿದರು. ಮನೆಗೆ ಮುಟ್ಟುವಾಗ ಅಮ್ಮ ಜಗಲಿಯಲ್ಲೇ ಕೂತಿದ್ದಳು, ಅವ ಎರಡು ದಿನ ಊಟ ಬಿಟ್ಟಿದ್ದ.

ಯುರೋಪಿನ ಆ ಸಭೆಯಲ್ಲಿ ಮಾತಾಡಲು ನನಗೆ ಹತ್ತು ನಿಮಿಷ ಎಂದಿದ್ದರು. ಆ ದಿನ ಮೂರು ನಿಮಿಷ ಆಯ್ತು. ಮೇಜಿನ ಮೇಲೆ ಸಣ್ಣ ದೀಪ, ಮುಗಿಯುವಾಗ ಕೆಂಪಾಗುತ್ತದೆ. 1978ರಿಂದ 2000ದವರೆಗೆ ಗೇರು ತೋಟಗಳಿಗೆ ಎಂಡೋಸಲ್ಫಾನನ್ನು ಹೆಲಿಕಾಪ್ಟರಿನಲ್ಲಿ ಹೇಗೆ ಬಿಟ್ಟರು, ಬಾವಿಗೆ ತೆಂಗಿನ ಮಡಲು ಮುಚ್ಚುತ್ತಿದ್ದದ್ದು ಎಂದು ಹೇಳಿ ಮುಗಿಸುವಾಗ ದೀಪ ಕೆಂಪು. ಮಗನ ವಿಷಯಕ್ಕೆ ಬರಲೇ ಇಲ್ಲ. ಹೊರಗೆ ಬಂದರೆ ಗೋಡೆಯಲ್ಲಿ ಅವನ ಫೋಟೊ, ಆಳೆತ್ತರ. ನನ್ನನ್ನು ಒಂದು ಮಾತು ಕೇಳಿರಲಿಲ್ಲ. ಈಗಲೂ ಅವರ ವರದಿಗಳಲ್ಲಿ ಆ ಫೋಟೊ ಬರುತ್ತದೆ, ಅವ ತೀರಿಹೋಗಿ ಏಳು ವರ್ಷ ಆಯ್ತು.

ಆದರೂ ಹೋದದ್ದಕ್ಕೆ ನನಗೆ ಬೇಸರ ಇಲ್ಲ. ಅಲ್ಲಿ ಒಬ್ಬಳು ಗಾಲಿಕುರ್ಚಿಯ ಹುಡುಗಿ, ಮಲಗಿಸಿ ಗಂಜಿ ಕುಡಿಸಬೇಡಿ, ಓರೆಯಾಗಿ ಕೂರಿಸಿ, ಗದ್ದದ ಕೆಳಗೆ ಎರಡು ಬೆರಳು ಕೊಡಿ ಎಂದು ತೋರಿಸಿದಳು. ಹದಿನಾಲ್ಕು ವರ್ಷ ಯಾವ ಆಸ್ಪತ್ರೆಯಲ್ಲೂ ನನಗೆ ಅದನ್ನು ಹೇಳಿರಲಿಲ್ಲ.

ಉಪ್ಪಳದ ಬೀಡಿ ಯೂನಿಯನ್:
ಅಕ್ಕ, ನಿಮ್ಮಂಥವರು ಹೋದದ್ದರಿಂದಲೇ ಎಂಡೋಸಲ್ಫಾನ್ ನಿಂತದ್ದು. 2011ರ ಏಪ್ರಿಲಿನಲ್ಲಿ ಜಿನೀವಾದಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ಪಟ್ಟಿಗೆ, ಅಂದರೆ ಲೋಕದಲ್ಲೆಲ್ಲ ನಿಲ್ಲಿಸಬೇಕಾದ ವಿಷಗಳ ಪಟ್ಟಿಗೆ, ಸೇರಿತು. ಎರಡು ವಾರದಲ್ಲಿ, ಮೇ 13ಕ್ಕೆ, ಸುಪ್ರೀಂ ಕೋರ್ಟು ಎಂಡೋಸಲ್ಫಾನಿಗೆ ದೇಶದಲ್ಲೆಲ್ಲ ತಡೆ ಹಾಕಿತು.

ಪೆರ್ಲದ ಮಾಸ್ಟ್ರು:
ಇದೊಂದು ಸುಳ್ಳು ನನಗೆ ಕೇಳಲಾಗುವುದಿಲ್ಲ. ಹೆಲಿಕಾಪ್ಟರ್ ನಿಂತದ್ದು ಜಿನೀವಾಕ್ಕಿಂತ ಹತ್ತು ವರ್ಷ ಮೊದಲು. ಕೃಷಿ ಇಲಾಖೆಯಲ್ಲಿ ಕೆಲಸದಲ್ಲಿದ್ದ ಲೀಲಾಕುಮಾರಿ ಅಮ್ಮ 1998ರಲ್ಲಿ ಕಾಞಂಗಾಡಿನ ಹೊಸದುರ್ಗ ಕೋರ್ಟಿಗೆ ಹೋದದ್ದು ಯಾರ ಟಿಕೆಟಿನಲ್ಲಿ? ಎಣ್ಮಕಜೆಯ ಸ್ವರ್ಗ ಎಂಬ ಊರಿನಲ್ಲಿ, ವಾಣಿನಗರದಲ್ಲಿ ಯಾರಿಗೆ ಏನು ಕಾಯಿಲೆ ಎಂದು ಬರೆದಿಟ್ಟವರು ಊರಿನ ಡಾಕ್ಟ್ರು. ಸಾಕ್ಷಿ ಹುಟ್ಟಿದ್ದು ಇಲ್ಲಿ. ಜಿನೀವಾದಲ್ಲಿ ನಮ್ಮ ದೇಶವೇ ನಿಷೇಧ ಬೇಡ ಎಂದು ಹಟ ಹಿಡಿದಿತ್ತು!

ಉಪ್ಪಳದ ಬೀಡಿ ಯೂನಿಯನ್:
ಅದನ್ನೇ ನಾನೂ ಹೇಳುವುದು ಮಾಸ್ಟ್ರೆ. ದೇಶವೇ ಬೇಡ ಎಂದಾಗ ಹೊರಗಿನವರು ಒತ್ತಿದ್ದು. ಇಲ್ಲಿ ನಿಂತರೆ ಕಾಸರಗೋಡಿನಲ್ಲಿ ಮಾತ್ರ ನಿಲ್ಲುತ್ತಿತ್ತು. ಉಳಿದ ಕಡೆ ಹೊಡೆಯುತ್ತಲೇ ಇದ್ದರಲ್ಲ?

ಪೆರ್ಲದ ಮಾಸ್ಟ್ರು:
ಪರಿಹಾರ? ಮಾನವ ಹಕ್ಕು ಆಯೋಗ 2010ರಲ್ಲಿ 5 ಲಕ್ಷ ಎಂದಿತು. 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಮೂರು ತಿಂಗಳಲ್ಲಿ ಕೊಡಿ ಎಂದಿತು. ಆ ಮೇಲೂ ಅಮ್ಮಂದಿರು ಸತ್ಯಾಗ್ರಹ ಕೂತರು. ಆಗ ನಿಮ್ಮ ಒಕ್ಕೂಟದವರು ಎಲ್ಲಿದ್ದರು?

ಅಡಿಕೆ ಒಣಗಿಸುವವ:
ಕಾಫಿ ಬ್ರೇಕಿನಲ್ಲಿ.

ಮುಳ್ಳೇರಿಯದ ಅಕ್ಕ:
ನೀವು ಯಾರೂ ಆ ಸತ್ಯಾಗ್ರಹದ ಚಪ್ಪರದಲ್ಲಿ ಒಂದು ರಾತ್ರಿ ಮಲಗಿದವರಲ್ಲ. ಸ್ವಲ್ಪ ಸುಮ್ಮನಿರಿ.

ಕುಂಬಳೆ ಲೆಕ್ಕಪತ್ರ:
ವಿಷಯಕ್ಕೆ ಬರುವ. ವಿಶ್ವಸಂಸ್ಥೆಯ ಮಾನ್ಯತೆ ಮಾಡಿಸಿಕೊಡುತ್ತೇನೆ ಎಂದು ಒಬ್ಬ ಏಜೆಂಟ್ ನಮ್ಮ ಸಂಘದಿಂದ 40,000 ಕೇಳಿದ್ದ, 15,000 ಕೊಟ್ಟೂ ಆಗಿತ್ತು. ಆ ಮಾನ್ಯತೆ ಎಂದರೆ ವಿಶ್ವಸಂಸ್ಥೆಯ ಆರ್ಥಿಕ ಸಾಮಾಜಿಕ ಮಂಡಳಿಯ ಸಲಹಾ ಸ್ಥಾನ, ಅದಕ್ಕೆ ಅರ್ಜಿ ಫ್ರೀ. ಸಂಸ್ಥೆಗೆ ಎರಡು ವರ್ಷ ಆಗಿರಬೇಕು, ಜೂನ್ 1ರೊಳಗೆ ಆನ್‌ಲೈನಿನಲ್ಲಿ ಹಾಕಬೇಕು, ಅಷ್ಟೆ. ಆ 15,000 ಇನ್ನೂ ಬರಬೇಕು.

ಪೆರ್ಲದ ಮಾಸ್ಟ್ರು:
ಲೆಕ್ಕ ಗೊತ್ತಿದ್ದವರಿಗೂ ಹೀಗಾಗುತ್ತದೆಯಾ? ನಾನು ದೆಹಲಿಗೆ ಹೋದದ್ದಕ್ಕೆ ನಗಾಡಿದವರು ನೀವೇ ಅಲ್ವಾ?

ಕುಂಬಳೆ ಲೆಕ್ಕಪತ್ರ:
ನಗಾಡಿದ್ದು ಎಲ್ಲಿ? ಮೇಲೆ ಓದಿ ನೋಡಿ.

ನೀರ್ಚಾಲಿನವಳು:
ಎಲ್ಲರಿಗೂ ಧನ್ಯವಾದ. ಅಕ್ಕ, ಗದ್ದದ ಕೆಳಗೆ ಎರಡು ಬೆರಳು ಎಂದಿರಲ್ಲ, ನಮ್ಮಲ್ಲಿ ಒಬ್ಬಳಿಗೆ ಪ್ರತಿದಿನ ಕೆಮ್ಮು ಬರುತ್ತದೆ. ನಾಳೆ ಫೋನ್ ಮಾಡಬಹುದಾ? ಮತ್ತೆ ಒಂದು ಪ್ರಶ್ನೆ: ನಮ್ಮ ಸೊಸೈಟಿಯ ನಿಯಮಾವಳಿ ಕನ್ನಡದಲ್ಲಿ ಉಂಟು, ಲೆಕ್ಕಪತ್ರ ಮಲಯಾಳದಲ್ಲಿ. ಅವರು ಇಂಗ್ಲಿಷ್ ಕೇಳಿದ್ದಾರೆ. ಅನುವಾದಕ್ಕೆ ನೋಟರಿ ಸೀಲ್ ಬೇಕಾ?

ಅಡಿಕೆ ಒಣಗಿಸುವವ:
ಕನ್ನಡದವರ ಸಂಘದ ಲೆಕ್ಕ ಮಲಯಾಳದಲ್ಲಿ ಏಕೆ ಬರೆದದ್ದು? ಮೊದಲು ಅದಕ್ಕೆ ಉತ್ತರ ಕೊಡಿ.

ಕುಂಬಳೆ ಲೆಕ್ಕಪತ್ರ:
ಆಡಿಟರ್ ಪಯ್ಯನ್ನೂರಿನವರಾಗಿರಬೇಕು. ಅದರಲ್ಲಿ ತಪ್ಪೆಂತ?

ಅಡಿಕೆ ಒಣಗಿಸುವವ:
ತಪ್ಪೆಂತ ಅಂತೆ! ಗಡಿನಾಡಿನಲ್ಲಿ ಕನ್ನಡ ಹೋದದ್ದೇ ಹೀಗೆ.

ಮುಳ್ಳೇರಿಯದ ಅಕ್ಕ:
ಬೆಳಿಗ್ಗೆ ಹತ್ತರ ನಂತರ ಮಾಡು ಮಗಳೇ, ಅದಕ್ಕಿಂತ ಮೊದಲು ಹಾಲಿನ ಸೊಸೈಟಿಯಲ್ಲಿ ಇರುತ್ತೇನೆ. ಅವಳನ್ನು ಕೂರಿಸುವ ಕುರ್ಚಿಯ ಫೋಟೊ ತೆಗೆದು ಕಳಿಸು. ಅವಳದ್ದು ಬೇಡ, ಕುರ್ಚಿಯದ್ದು ಮಾತ್ರ.